ವಿಚರ್ ಪುಸ್ತಕಗಳನ್ನು ಎಲ್ಲಿಂದ ಶುರು ಮಾಡಬೇಕು? ಅನುವಾದದಲ್ಲಿ ಓದಿದರೆ ರುಚಿ ಸಿಗುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಕೂಲಿಗೆ ರಾಕ್ಷಸರನ್ನು ಬೇಟೆಯಾಡುವ ಗೆರಾಲ್ಟ್‌ನ ಕಥೆ ಹೇಳುವ ವಿಚರ್ ಟಿವಿ ಸೀರೀಸ್ ನೋಡಿದ್ದೀರಿ, ಅದರ ಮೂಲ ಪುಸ್ತಕಗಳನ್ನು ಓದುವ ಆಸೆಯಾಗಿದೆ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಮೂಲ ಇರುವುದು ಪೋಲಿಷ್ ಭಾಷೆಯಲ್ಲಿ, ನಿಮ್ಮ ಕೈಗೆ ಸಿಗುವುದು ಇಂಗ್ಲಿಷ್ ಅನುವಾದ. ಎರಡು ಭಾಷೆ ದಾಟಿ ಬಂದ ಕಥೆ ನಿಮ್ಮನ್ನು ಮುಟ್ಟುತ್ತದಾ, ಮುಟ್ಟುವುದಾದರೆ ಮೊದಲು ಯಾವ ಪುಸ್ತಕ ಹಿಡಿಯಬೇಕು?

ಖಂಡಿತ ಓದಿ. 'ದಿ ಲಾಸ್ಟ್ ವಿಶ್' ಎಂಬ ಕಥಾಸಂಕಲನದಿಂದ ಶುರು ಮಾಡಿ. ಆಮೇಲೆ 'ಸೋರ್ಡ್ ಆಫ್ ಡೆಸ್ಟಿನಿ'. ಅದೂ ಬಿಡಿ ಕಥೆಗಳೇ. ಈ ಎರಡೂ ಮುಗಿಯುವವರೆಗೆ ಕಾದಂಬರಿಗಳನ್ನು ಮುಟ್ಟಬೇಡಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ, ನಾನು ಉಲ್ಟಾ ಓದಿದವನು.

ಬೆಂಗಳೂರಿನ ಒಂದು ಹಳೆ ಪುಸ್ತಕದ ಅಂಗಡಿಯಲ್ಲಿ ನನಗೆ ಸಿಕ್ಕಿದ್ದು 'ಬ್ಲಡ್ ಆಫ್ ಎಲ್ವ್ಸ್'. ಇದೇ ಮೊದಲ ಭಾಗ ಅಂತ ಅಂಗಡಿಯವರು ಹೇಳಿದರು. ಒಂದು ಲೆಕ್ಕದಲ್ಲಿ ಅದು ನಿಜವೇ, ಕಾದಂಬರಿಗಳ ಸಾಲಿನಲ್ಲಿ ಅದು ಮೊದಲನೆಯದು. ಶಿವಮೊಗ್ಗದ ರೈಲಿನಲ್ಲಿ ಕೂತು ಓದಲು ತೆಗೆದೆ. ಒಂದು ಊರು ಹೊತ್ತಿ ಉರಿಯುತ್ತಿದೆ. ಒಬ್ಬ ಹುಡುಗಿ ಕೆಟ್ಟ ಕನಸು ಕಂಡು ಚೀರಿ ಏಳುತ್ತಾಳೆ. ಪಕ್ಕದಲ್ಲಿರುವ ಗಂಡಸು ಅವಳನ್ನು ಸಮಾಧಾನ ಮಾಡುತ್ತಾನೆ. ಅವಳು ಯಾರು, ಅವಳಿಗೆ ಇವನು ಏನಾಗಬೇಕು, ಒಂದೂ ತಿಳಿಯಲಿಲ್ಲ. ರಾಕ್ಷಸರ ಬೇಟೆಗಾರನ ಕಥೆ ಅಂತ ತಂದರೆ ಪುಟಗಟ್ಟಲೆ ರಾಕ್ಷಸರೇ ಇಲ್ಲ. ರಾಜರು ಕೂತು ಯುದ್ಧದ ಮಾತಾಡುತ್ತಾರೆ, ಹುಡುಗಿ ಕೋಟೆಯಲ್ಲಿ ಕತ್ತಿವರಸೆ ಕಲಿಯುತ್ತಾಳೆ. ಅರ್ಧಕ್ಕೆ ಮುಚ್ಚಿಟ್ಟೆ. ಎರಡು ವರ್ಷ ಅದರ ಕಡೆ ತಿರುಗಿ ನೋಡಲಿಲ್ಲ.

ತಪ್ಪು ಪುಸ್ತಕದ್ದಲ್ಲ. ಆ ಹುಡುಗಿ ಸಿರಿ. (ನಮಗೆ ಸಿರಿ ಅಂದರೆ ಸಂಪತ್ತು, ಆದ್ದರಿಂದ ಆ ಹೆಸರು ಕನ್ನಡದ ಕಿವಿಗೆ ತಕ್ಷಣ ಹತ್ತಿರವಾಗುತ್ತದೆ. ಪೋಲಿಷರು ಅದನ್ನು 'ತ್ಸಿರಿ' ಎನ್ನುತ್ತಾರೆ.) ಆ ಗಂಡಸು ಗೆರಾಲ್ಟ್. ಅವರಿಬ್ಬರ ನಂಟು ಹುಟ್ಟುವುದು, ಮುರಿಯುವುದು, ಮತ್ತೆ ಕೂಡುವುದು ಎಲ್ಲವೂ ಕಥಾಸಂಕಲನಗಳಲ್ಲೇ ಆಗಿಹೋಗಿದೆ. ಅದರಲ್ಲೂ 'ಸೋರ್ಡ್ ಆಫ್ ಡೆಸ್ಟಿನಿ'ಯ ಕೊನೆಯ ಎರಡು ಕಥೆಗಳಲ್ಲಿ. ಅಲ್ಲಿ ಏನಾಗುತ್ತದೆ ಎಂದು ಹೇಳುವುದಿಲ್ಲ. ಅವನ್ನು ಓದದೆ ಕಾದಂಬರಿಗೆ ಹೋದರೆ ಮದುವೆ ಮುಗಿದ ಮೇಲೆ ಚಪ್ಪರಕ್ಕೆ ಹೋದಂತೆ. ಎರಡು ವರ್ಷದ ನಂತರ ಗೆಳೆಯನೊಬ್ಬ ಎರಡೂ ಸಂಕಲನ ತಂದುಕೊಟ್ಟ. ಅವನ್ನು ಮುಗಿಸಿ ಮತ್ತೆ 'ಬ್ಲಡ್ ಆಫ್ ಎಲ್ವ್ಸ್' ತೆರೆದೆ. ಹುಡುಗಿ ಚೀರಿ ಏಳುವ ಅದೇ ಪುಟ. ಈ ಸಲ ಆ ಪುಟ ತಿರುಗಿಸಲು ನನಗೆ ಬಹಳ ಹೊತ್ತು ಹಿಡಿಯಿತು.

ಈ ಗೊಂದಲ ಇಂಗ್ಲಿಷ್‌ನಲ್ಲಿ ಓದುವವರಿಗೆ ಜಾಸ್ತಿ, ಅದಕ್ಕೆ ಕಾರಣವೂ ಇದೆ. ಲೇಖಕ ಆಂಜೇಯ್ ಸಪ್ಕೋವ್‌ಸ್ಕಿ ಹುಟ್ಟಿದ್ದು 1948ರಲ್ಲಿ, ಪೋಲೆಂಡಿನ ಲೋಡ್ಜ್ ನಗರದಲ್ಲಿ. (ಅವರ ಬಾಯಲ್ಲಿ ಅದು 'ವೂಚ್'.) ಓದಿದ್ದು ಅರ್ಥಶಾಸ್ತ್ರ, ಮಾಡಿದ್ದು ವಿದೇಶಿ ವ್ಯಾಪಾರದ ಕೆಲಸ. 'ಫಾಂತಾಸ್ತಿಕಾ' ಎಂಬ ಪತ್ರಿಕೆಯ ಸ್ಪರ್ಧೆಗೆ ಒಂದು ಕಥೆ ಕಳಿಸಿದರು. ಅದಕ್ಕೆ ಮೂರನೇ ಬಹುಮಾನ ಬಂತು, 1986ರ ಡಿಸೆಂಬರಿನಲ್ಲಿ ಅಚ್ಚಾಯಿತು. ಅದೇ ಮೊದಲ ವಿಚರ್ ಕಥೆ. ಪೋಲಿಷ್ ಭಾಷೆಯಲ್ಲಿ 'ಸೋರ್ಡ್ ಆಫ್ ಡೆಸ್ಟಿನಿ' 1992ರಲ್ಲಿ ಬಂತು, 'ದಿ ಲಾಸ್ಟ್ ವಿಶ್' 1993ರಲ್ಲಿ. ಆಮೇಲೆ 1994ರಿಂದ 1999ರ ನಡುವೆ ಐದು ಕಾದಂಬರಿ. ಪೋಲಿಷ್ ಓದುಗರು ಕಥೆಗಳ ಜತೆಗೇ ಬೆಳೆದು ಕಾದಂಬರಿಗೆ ಬಂದರು. ಇಂಗ್ಲಿಷ್‌ನಲ್ಲಿ ಹಾಗಾಗಲಿಲ್ಲ. 'ದಿ ಲಾಸ್ಟ್ ವಿಶ್' 2007ರಲ್ಲಿ ಬಂತು, ಮರುವರ್ಷವೇ 'ಬ್ಲಡ್ ಆಫ್ ಎಲ್ವ್ಸ್'. ನಡುವೆ ಇರಬೇಕಾದ 'ಸೋರ್ಡ್ ಆಫ್ ಡೆಸ್ಟಿನಿ'ಯನ್ನು ಹಾರಿಸಿಬಿಟ್ಟರು. ಅದು ಇಂಗ್ಲಿಷ್‌ಗೆ ಬಂದಿದ್ದು 2015ರಲ್ಲಿ, ಅಷ್ಟರಲ್ಲಿ ಮೂರು ಕಾದಂಬರಿ ಹೊರಬಂದಿದ್ದವು. ಹಳೆಯ ಪಟ್ಟಿಗಳನ್ನು ನೋಡಿ ಓದಲು ಹೋದರೆ ಕಾಲು ಜಾರುವುದು ಇಲ್ಲೇ.

ಈಗ ಆ ಮೊದಲ ಕಥೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ, ನಿಮಗೆ ರುಚಿ ಸಿಗುತ್ತದಾ ಎಂದು ನೀವೇ ನೋಡಿಕೊಳ್ಳಿ. ಒಬ್ಬ ರಾಜ. ಅವನಿಗೆ ತನ್ನ ತಂಗಿಯಲ್ಲೇ ಮಗು ಹುಟ್ಟಿತ್ತು, ತಾಯಿ ಮಗು ಇಬ್ಬರೂ ಸತ್ತರು. ವರ್ಷಗಳ ನಂತರ ಆ ಮಗು ಸ್ಟ್ರಿಗಾ ಆಗಿ ಗೋರಿಯಿಂದ ಎದ್ದು ಜನರನ್ನು ತಿನ್ನಲು ಶುರು ಮಾಡಿತು. ಸ್ಟ್ರಿಗಾ ಲೇಖಕರ ಕಲ್ಪನೆಯಲ್ಲ. ಪೋಲೆಂಡಿನ ಅಜ್ಜಿಕಥೆಗಳಲ್ಲಿ ಮೊದಲಿಂದ ಇರುವ ದೆವ್ವ. ಎರಡು ಆತ್ಮ, ಎರಡು ಸಾಲು ಹಲ್ಲು ಇಟ್ಟುಕೊಂಡು ಹುಟ್ಟಿದ ಜೀವ ಅದು, ಒಂದು ಆತ್ಮ ಸತ್ತರೂ ಇನ್ನೊಂದು ಉಳಿಯುತ್ತದೆ ಎಂದು ಅಲ್ಲಿನ ನಂಬಿಕೆ. ನಮ್ಮಲ್ಲಿ ಕೊಳ್ಳಿದೆವ್ವ, ಬ್ರಹ್ಮರಾಕ್ಷಸ ಅಂದರೆ ವಿವರಿಸಬೇಕಾಗಿಲ್ಲ ಅಲ್ವಾ, ಹಾಗೆ ಅವರಿಗೆ ಅದು. ಗೆರಾಲ್ಟ್ ಬರುತ್ತಾನೆ. ಕೂಲಿ ಎಷ್ಟು ಎಂದು ಮಾತಾಡಿಕೊಳ್ಳುತ್ತಾನೆ. ಊರಿನ ಎಷ್ಟೋ ಜನಕ್ಕೆ ಅದನ್ನು ಕೊಂದರೆ ಸಾಕಾಗಿದೆ. ರಾಜನಿಗೆ ಮಾತ್ರ ಮಗಳು ಬೇಕು. ಶಾಪ ಬಿಡಿಸುವುದಕ್ಕೆ ಒಂದು ದಾರಿ ಇದೆ. ಒಂದು ರಾತ್ರಿ ಅವಳ ಅರಮನೆಯಲ್ಲೇ ಕಳೆಯಬೇಕು, ಕೋಳಿ ಮೂರನೇ ಸಲ ಕೂಗುವವರೆಗೆ ಅವಳು ತನ್ನ ಗೋರಿಗೆ ವಾಪಸ್ ಹೋಗಿ ಮಲಗದಂತೆ ತಡೆಯಬೇಕು.

ಕತ್ತಿ ಎತ್ತಿ ಕಡಿದರೆ ಮುಗಿಯುವ ಕೆಲಸಕ್ಕೆ ಅವನು ಜೀವ ಒತ್ತೆ ಇಟ್ಟು ಉಳಿಸುವ ದಾರಿ ಹಿಡಿಯುತ್ತಾನೆ. ಈ ಪುಸ್ತಕಗಳ ಜೀವ ಇರುವುದು ಇಲ್ಲಿ ಎಂದು ನನಗನಿಸುತ್ತದೆ. ಹೊಡೆದಾಟ ಇದೆ, ಚೆನ್ನಾಗಿಯೂ ಇದೆ. ಆದರೆ ಪುಟಗಳನ್ನು ತುಂಬಿರುವುದು ಮಾತು. ಎದುರಿಗಿರುವುದು ನಿಜಕ್ಕೂ ರಾಕ್ಷಸನಾ, ಇವನನ್ನು ಕೊಲ್ಲಬೇಕಾ ಬೇಡವಾ ಎಂದು ತಿಳಿಯಲು ಗೆರಾಲ್ಟ್ ಮಾತಾಡುತ್ತಾನೆ, ಕೇಳಿಸಿಕೊಳ್ಳುತ್ತಾನೆ, ವಾದ ಮಾಡುತ್ತಾನೆ.

ಎಲ್ಲ ಸಲ ಅವನಿಗೆ ಉಳಿಸಲು ಆಗುವುದಿಲ್ಲ. 'ದಿ ಲಾಸ್ಟ್ ವಿಶ್'ನಲ್ಲೇ ಇರುವ 'ದಿ ಲೆಸರ್ ಈವಿಲ್' ಕಥೆ ಓದಿದಾಗ ನಿಮಗೇ ಗೊತ್ತಾಗುತ್ತದೆ. ನಾವೆಲ್ಲ ಚಿಕ್ಕವರಿದ್ದಾಗ ಕೇಳಿದ ಸ್ನೋ ವೈಟ್ ಕಥೆಯನ್ನು ಅದರಲ್ಲಿ ಮುರಿದು ಕಟ್ಟಿದ್ದಾರೆ. ಆ ರಾಜಕುಮಾರಿ ಕಾಡಿಗೆ ಓಡಿಹೋಗಿ ಬದುಕಿ ಉಳಿದು ದರೋಡೆಕೋರರ ಗುಂಪು ಕಟ್ಟಿದ್ದರೆ ಏನಾಗುತ್ತಿತ್ತು? ಅವಳ ಕಡೆ ನ್ಯಾಯ ಇದೆಯಾ, ಅವಳನ್ನು ಬೇಟೆಯಾಡಿದ ಮಾಂತ್ರಿಕನ ಕಡೆಯಾ? ಎರಡೂ ಕೆಟ್ಟದ್ದೇ ಆಗಿರುವಾಗ ಯಾವುದನ್ನೂ ಆರಿಸುವುದಿಲ್ಲ ಎನ್ನುವ ಗೆರಾಲ್ಟ್ ಕೊನೆಗೆ ಆರಿಸಲೇಬೇಕಾಗುತ್ತದೆ. ಯಾರನ್ನು ಕಾಪಾಡಿದನೋ ಅದೇ ಊರಿನ ಜನ ಅವನಿಗೆ ಕಲ್ಲು ಹೊಡೆಯುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಮಾತ್ರ 'ದಿ ಎಡ್ಜ್ ಆಫ್ ದಿ ವರ್ಲ್ಡ್'. ರೈತರ ಒಂದು ಹಳ್ಳಿ. ಹೊಲದಲ್ಲಿ ಕೊಂಬಿರುವ ಒಂದು ಪ್ರಾಣಿ ಸೇರಿಕೊಂಡು ಕಾಟ ಕೊಡುತ್ತಿದೆ. ರೈತರಿಗೆ ಅದು ಹೋಗಬೇಕು, ಆದರೆ ಕೊಲ್ಲಬಾರದು ಅಂತಾರೆ. ಅವರ ಹತ್ತಿರ ಒಂದು ಹಳೆಯ ಪುಸ್ತಕ ಇದೆ, ಅದನ್ನು ಓದುವ ಅಜ್ಜಿಗೆ ಅಕ್ಷರವೇ ಬರುವುದಿಲ್ಲ. ತಲೆಮಾರಿನಿಂದ ಬಾಯಿಪಾಠವಾಗಿ ಬಂದದ್ದನ್ನು ಹೇಳುತ್ತಾಳೆ. ಆ ಅಜ್ಜಿಯನ್ನು ಓದುವಾಗ ನಮ್ಮ ಕಡೆ ಪುರಾಣ ಪೂರ್ತಿ ಬಾಯಲ್ಲೇ ಹೇಳುತ್ತಿದ್ದ ಮುದುಕರು ನನ್ನ ಕಣ್ಣಮುಂದೆ ಬಂದರು. ಆ ಕೊಂಬಿನ ಪ್ರಾಣಿ ಯಾಕೆ ಕಳ್ಳತನ ಮಾಡುತ್ತಿದೆ ಎಂದು ನಿಧಾನಕ್ಕೆ ತಿಳಿಯುತ್ತದೆ. ಬೆಟ್ಟದ ಆಚೆ ಎಲ್ಫ್‌ಗಳು, ಅಂದರೆ ಮನುಷ್ಯರನ್ನೇ ಹೋಲುವ ಬೇರೊಂದು ಕುಲದವರು, ಹಸಿವಿನಿಂದ ಸಾಯುತ್ತಿದ್ದಾರೆ. ಆ ಕಣಿವೆ ಮೊದಲು ಅವರದ್ದೇ. ಮನುಷ್ಯರು ಬಂದರು, ಉತ್ತರು, ಬಿತ್ತರು, ಇವರನ್ನು ಬೆಟ್ಟಕ್ಕೆ ಅಟ್ಟಿದರು. ಎಲ್ಫ್‌ಗಳಿಗೆ ಬೇಸಾಯ ಗೊತ್ತಿಲ್ಲ. ಬೀಜ ಬೇಕು, ಬಿತ್ತುವುದು ಹೇಗೆ ಎಂದು ಕಲಿಯಬೇಕು. ಮನುಷ್ಯರ ಕೆಳಗೆ ತಲೆತಗ್ಗಿಸಿ ಬದುಕಲು ಅವರ ಮುಖಂಡ ಒಪ್ಪುವುದಿಲ್ಲ. ಬದುಕು ಎಂದು ಗೆರಾಲ್ಟ್ ಹೇಳುತ್ತಾನೆ, ಹೀಗೆ ಬದುಕುವುದಕ್ಕಿಂತ ಸಾವೇ ಮೇಲು ಎಂದು ಅವನು ನಿಲ್ಲುತ್ತಾನೆ. ಇಬ್ಬರ ಮಾತಿನಲ್ಲೂ ನಿಜ ಇದೆ. ನೆಲ ಕಳಕೊಂಡವರ ಬಗ್ಗೆ ನಾನು ಓದಿದ ಒಳ್ಳೆಯ ಕಥೆಗಳಲ್ಲಿ ಇದೂ ಒಂದು.

ಕಾದಂಬರಿಗಳಿಗೆ ಹೋದಮೇಲೆ ಈ ಎಳೆ ಇನ್ನೂ ದಪ್ಪವಾಗುತ್ತದೆ. ಎಲ್ಫ್‌ಗಳು, ಕುಳ್ಳರು ಊರಿನ ಒಂದು ಮೂಲೆಗೆ ಸರಿದು ಬದುಕುತ್ತಾರೆ. ಸುಮ್ನೆ ಒಂದು ಸುದ್ದಿ ಹಬ್ಬಿದರೂ ಅವರ ಮನೆಗಳ ಮೇಲೆ ಗುಂಪು ನುಗ್ಗುತ್ತದೆ. ಲೇಖಕರ ಊರಾದ ಲೋಡ್ಜ್‌ನಲ್ಲಿ ಎರಡನೇ ಮಹಾಯುದ್ಧಕ್ಕೆ ಮೊದಲು ಸುಮಾರು ಮೂರನೇ ಒಂದು ಭಾಗ ಜನ ಯಹೂದಿಗಳು. ಜರ್ಮನ್ನರು ಅವರನ್ನು ಘೆಟ್ಟೋ ಎಂಬ ಮುಚ್ಚಿದ ಕೇರಿಯಲ್ಲಿ ಕೂಡಿಹಾಕಿ ಬಹುತೇಕ ಎಲ್ಲರನ್ನೂ ಸಾಯಿಸಿದರು. ಯುದ್ಧ ಮುಗಿದು ಮೂರು ವರ್ಷಕ್ಕೆ ಲೇಖಕರು ಅದೇ ಊರಿನಲ್ಲಿ ಹುಟ್ಟಿದರು. ಕಥೆಗೂ ಅದಕ್ಕೂ ನೇರವಾಗಿ ಗಂಟು ಹಾಕಲು ನಾನು ಹೋಗುವುದಿಲ್ಲ. ಆದರೆ ಆ ಪುಟಗಳನ್ನು ಓದುವಾಗ ಊರಿನ ಆ ಇತಿಹಾಸ ಗೊತ್ತಿದ್ದರೆ ಒಳ್ಳೆಯದು.

ಅನುವಾದದ ವಿಷಯಕ್ಕೆ ಬರುತ್ತೇನೆ, ನಿಮ್ಮ ದೊಡ್ಡ ಅನುಮಾನ ಇದೇ ಅಲ್ವಾ. 'ವಿಚರ್' ಎಂಬ ಪದವೇ ಅನುವಾದಕ್ಕಾಗಿ ಹುಟ್ಟಿಸಿದ್ದು. ಮೂಲದಲ್ಲಿ 'ವ್ಯೆಜ್ಮಿನ್'. ಪೋಲಿಷ್‌ನಲ್ಲಿ 'ವ್ಯೆಜ್ಮಾ' ಅಂದರೆ ಮಾಟಗಾತಿ, ಅದರ ಗಂಡು ರೂಪ ಇದು. ಅದೇ ರೀತಿ ಇಂಗ್ಲಿಷ್‌ನ 'ವಿಚ್' ಹಿಡಿದು 'ವಿಚರ್' ಮಾಡಿದರು. ಫ್ರೆಂಚರು ತಮ್ಮದೇ ಬೇರೆ ಪದ ಕಟ್ಟಿಕೊಂಡರು, 'ಸೋರ್ಸಲರ್' ಅಂತ. ನನಗೆ ಬಹಳ ಖುಷಿ ಕೊಟ್ಟ ವಿಷಯ ಒಂದಿದೆ. ಆ 'ವ್ಯೆಜ್ಮಾ' ಬಂದಿರುವುದು 'ತಿಳಿ' ಎಂಬ ಅರ್ಥದ ಬೇರಿನಿಂದ, ತಿಳಿದವಳು ಎಂದು. ನಾವು ದಿನಾ ಬಳಸುವ ವಿದ್ಯೆ, ವೇದ ಹುಟ್ಟಿದ್ದೂ ಅದೇ ಹಳೆಯ ಬೇರಿನಿಂದ. ಪೋಲೆಂಡಿನ ಆ ಬೇಟೆಗಾರನ ಹೆಸರಿಗೂ ನಮ್ಮ ಶಾಲೆಯ ಗೋಡೆ ಮೇಲೆ ಬರೆದಿರುವ ಪದಕ್ಕೂ ದೂರದ ನೆಂಟಸ್ತಿಕೆ ಇದೆ.

ಇನ್ನೊಂದು ಹೆಸರು ನೋಡಿ. ಗೆರಾಲ್ಟ್‌ನ ಗೆಳೆಯ, ಹಾಡುಗಾರ. ಮೂಲದಲ್ಲಿ ಅವನು 'ಯಾಸ್ಕಿಯರ್'. ಅದು ಹಳದಿ ಬಣ್ಣದ ಒಂದು ಕಾಡುಹೂವಿನ ಹೆಸರು, ಇಂಗ್ಲಿಷ್‌ನಲ್ಲಿ ಬಟರ್‌ಕಪ್. ಅದನ್ನು ಹಾಗೇ ಇಟ್ಟರೆ ಇಂಗ್ಲಿಷ್ ಕಿವಿಗೆ ಹುಡುಗಿಯ ಹೆಸರಿನ ಹಾಗೆ ಕೇಳುತ್ತದೆ. ಅದಕ್ಕೇ ಇರಬೇಕು, ಪುಸ್ತಕದಲ್ಲಿ ಅವನು 'ಡ್ಯಾಂಡಲಯನ್' ಆದ. ಅದೂ ಹಳದಿ ಹೂವೇ. ಸೀರೀಸ್‌ನಲ್ಲಿ ಯಾಸ್ಕಿಯರ್ ಅಂತಲೇ ಕರೆಯುವುದರಿಂದ ನಿಮಗೆ ಮೊದಲು ಗೊಂದಲ ಆಗಬಹುದು, ಇಬ್ಬರೂ ಒಬ್ಬನೇ.

ಇಂಗ್ಲಿಷ್‌ಗೆ ತಂದವರು ಇಬ್ಬರು. 'ದಿ ಲಾಸ್ಟ್ ವಿಶ್' ಮತ್ತು 'ಬ್ಲಡ್ ಆಫ್ ಎಲ್ವ್ಸ್' ಡಾನುಸಿಯಾ ಸ್ಟೋಕ್ ಅವರದ್ದು. ಉಳಿದವು ಡೇವಿಡ್ ಫ್ರೆಂಚ್ ಅವರದ್ದು. ದನಿ ಬದಲಾಗುವುದು ಗೊತ್ತಾಗುತ್ತದೆ. ಸ್ಟೋಕ್ ಅವರ ಇಂಗ್ಲಿಷ್ ನನ್ನ ಕಿವಿಗೆ ಸರಳ, ಅಜ್ಜಿಕಥೆಗೆ ಹತ್ತಿರ. ಕನ್ನಡ ಮಾಧ್ಯಮದಿಂದ ಬಂದವರು ಶುರು ಮಾಡುವುದಕ್ಕೆ ಅದು ಒಳ್ಳೆಯದು. ಫ್ರೆಂಚ್ ಅವರಲ್ಲಿ ಕುಳ್ಳರ ಬೈಗುಳ, ಸೈನಿಕರ ಹರಟೆ, ಸಂತೆಯ ಮಾತು ತುಂಬಾ ಜೀವಂತವಾಗಿದೆ. ಮೂಲದಲ್ಲಿ ಇನ್ನೂ ಎಷ್ಟೋ ಇದೆ ಎಂದು ಪೋಲಿಷ್ ಬಲ್ಲವರು ಹೇಳುತ್ತಾರೆ, ನಾನು ನಂಬುತ್ತೇನೆ. ಆದರೂ ಬಂದಿರುವಷ್ಟು ಬಹಳ ಇದೆ.

ಓದುವಾಗ ನಿಮಗೆ ಒಂದು ಕಿವಿಮಾತು. ಗೊತ್ತಿಲ್ಲದ ಪದ ಬಂದಾಗಲೆಲ್ಲ ಡಿಕ್ಷನರಿಗೆ ಓಡಬೇಡಿ. ಎಲ್ಫ್‌ಗಳ ಭಾಷೆ ಲೇಖಕರೇ ಕಟ್ಟಿದ್ದು. ವೆಲ್ಷ್, ಐರಿಷ್, ಫ್ರೆಂಚ್, ಲ್ಯಾಟಿನ್ ಎಲ್ಲ ಕಲಸಿ ಮಾಡಿದ್ದು. ಅದು ಯಾವ ಡಿಕ್ಷನರಿಯಲ್ಲೂ ಸಿಗುವುದಿಲ್ಲ. ನಾನು ಮೊದಲ ವಾರ ಅದಕ್ಕೇ ತುಂಬಾ ಹೊತ್ತು ಕಳೆದೆ. ಕತ್ತಿಯ ಭಾಗಗಳು, ಕವಚದ ಭಾಗಗಳ ಹೆಸರೂ ಬರುತ್ತವೆ, ಅವು ತಿಳಿಯದಿದ್ದರೂ ಕಥೆ ನಿಲ್ಲುವುದಿಲ್ಲ. ಇಂಗ್ಲಿಷ್ ಆಡಿಯೋಬುಕ್ ಓದಿರುವವರು ಪೀಟರ್ ಕೆನ್ನಿ. ಒಬ್ಬೊಬ್ಬರಿಗೆ ಒಂದೊಂದು ದನಿ ಕೊಡುತ್ತಾರೆ. ಪುಸ್ತಕ ಮುಂದೆ ಇಟ್ಟುಕೊಂಡು ಅದನ್ನು ಕೇಳಿದರೆ ಯಾರು ಯಾವ ಮಾತು ಆಡುತ್ತಿದ್ದಾರೆ ಎಂಬ ಗೋಜಲು ಎಷ್ಟೋ ಕಡಿಮೆಯಾಗುತ್ತದೆ.

ಗೆರಾಲ್ಟ್‌ಗೂ ಸಿರಿಗೂ ನಂಟು ಬೆಸೆಯುವ ಒಂದು ಪದ್ಧತಿ ಇದೆ, ಅದನ್ನು 'ಲಾ ಆಫ್ ಸರ್‌ಪ್ರೈಸ್' ಎನ್ನುತ್ತಾರೆ. ಜೀವ ಉಳಿಸಿದವನು ಕೇಳುತ್ತಾನೆ: ನಿನ್ನ ಮನೆಯಲ್ಲಿ ನಿನಗೇ ಗೊತ್ತಿಲ್ಲದೆ ಏನಿದೆಯೋ ಅದನ್ನು ಕೊಡು. ಮನೆಗೆ ಹೋಗಿ ನೋಡಿದರೆ ಹೆಂಡತಿ ಬಸುರಿ. ಹುಟ್ಟುವ ಮೊದಲೇ ಮಗು ಇನ್ನೊಬ್ಬರ ಪಾಲು. ಇದು ಸ್ಲಾವ್ ಜನರ ಹಳೆಯ ಕಥೆಗಳಿಂದ ತೆಗೆದುಕೊಂಡಿದ್ದು. ಸೀರೀಸ್ ನೋಡುವಾಗ ಕೆಲವರಿಗೆ ಇದು ವಿಚಿತ್ರ ಅನಿಸಿತಂತೆ. ನಮಗೆ ಅನಿಸಬೇಕಾಗಿಲ್ಲ. ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆಯಲ್ಲಿ ಹರಿಶ್ಚಂದ್ರ ಇನ್ನೂ ಹುಟ್ಟದ ಮಗನನ್ನು ವರುಣನಿಗೆ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ಮಾತು ಕೊಟ್ಟಾಗಿದೆ, ಮಗು ಬಂದಾಗಿದೆ, ಈಗೇನು ಮಾಡುವುದು ಎಂಬ ಸಂಕಟ ನಮಗೆ ಹಳೆಯದು.

ಕಾದಂಬರಿಗಳನ್ನು ಬಂದ ಕ್ರಮದಲ್ಲೇ ಓದಿ: 'ಬ್ಲಡ್ ಆಫ್ ಎಲ್ವ್ಸ್', 'ಟೈಮ್ ಆಫ್ ಕಂಟೆಂಪ್ಟ್', 'ಬ್ಯಾಪ್ಟಿಸಮ್ ಆಫ್ ಫೈರ್', 'ದಿ ಟವರ್ ಆಫ್ ದಿ ಸ್ವಾಲೋ', 'ದಿ ಲೇಡಿ ಆಫ್ ದಿ ಲೇಕ್'. ಇವುಗಳಲ್ಲಿ ನನ್ನ ಪ್ರೀತಿಯದ್ದು 'ಬ್ಯಾಪ್ಟಿಸಮ್ ಆಫ್ ಫೈರ್'. ಗಾಯಗೊಂಡ ಗೆರಾಲ್ಟ್ ಸಿರಿಯನ್ನು ಹುಡುಕಿಕೊಂಡು ಯುದ್ಧದ ನಡುವೆ ನಡೆದು ಹೋಗುತ್ತಾನೆ. ಒಬ್ಬನೇ ಹೋಗುತ್ತೇನೆ ಅಂತಾನೆ. ದಾರಿಯಲ್ಲಿ ಒಬ್ಬೊಬ್ಬರಾಗಿ ಅಂಟಿಕೊಳ್ಳುತ್ತಾರೆ. ಬಿಲ್ಲು ಹಿಡಿದ ಒಬ್ಬ ಹೆಂಗಸು, ಶತ್ರು ಸೈನ್ಯದಿಂದ ಬಂದ ಒಬ್ಬ ಹುಡುಗ, ಗಿಡಮೂಲಿಕೆ ಬಲ್ಲ ಒಬ್ಬ ವೈದ್ಯ. ಆ ವೈದ್ಯ ಯಾರೆಂದು ತಿಳಿದಾಗ ನಾನು ಪುಸ್ತಕ ಕೆಳಗಿಟ್ಟು ಹಿಂದಿನ ಪುಟಗಳಿಗೆ ಹೋಗಿ ನೋಡಿದೆ. ಒಂದು ಸಂಜೆ ಎಲ್ಲರೂ ಸೇರಿ ಮೀನಿನ ಸಾರು ಮಾಡುತ್ತಾರೆ. ಒಬ್ಬರು ಮೀನು ತರುವುದು, ಒಬ್ಬರು ಸ್ವಚ್ಛ ಮಾಡುವುದು, ಪಾತ್ರೆ ಹುಡುಕುವುದು, ಉಪ್ಪು ಸಾಕಾ ಎಂದು ನೋಡುವುದು. ಬೇರೇನೂ ನಡೆಯುವುದಿಲ್ಲ. ಒಬ್ಬರನ್ನೊಬ್ಬರು ನಂಬದೆ ಒಟ್ಟಿಗೆ ನಡೆಯುತ್ತಿದ್ದವರು ಆ ಪಾತ್ರೆಯ ಸುತ್ತ ಒಂದು ಮನೆಯವರ ಹಾಗಾಗುತ್ತಾರೆ. ಇಡೀ ಸರಣಿಯಲ್ಲಿ ಎಷ್ಟು ಯುದ್ಧ ಬಂದರೂ ನನಗೆ ಮೊದಲು ನೆನಪಾಗುವುದು ಆ ಸಾರಿನ ಪಾತ್ರೆ.

'ದಿ ಟವರ್ ಆಫ್ ದಿ ಸ್ವಾಲೋ' ಕಷ್ಟ. ಕಾಲ ಹಿಂದೆ ಮುಂದೆ ಓಡುತ್ತದೆ, ಸಿರಿಗೆ ಆಗುವ ಹಿಂಸೆ ಓದಲು ಗಟ್ಟಿ ಮನಸ್ಸು ಬೇಕು. ಬೇಕಿದ್ದರೆ ನಡುವೆ ವಾರ ಬಿಟ್ಟು ಓದಿ. 'ದಿ ಲೇಡಿ ಆಫ್ ದಿ ಲೇಕ್'ನಲ್ಲಿ ಒಂದು ದೊಡ್ಡ ಯುದ್ಧ ಬರುತ್ತದೆ. ಅದರ ಒಂದು ಭಾಗವನ್ನು ಗಾಯಾಳುಗಳ ಡೇರೆಯೊಳಗಿಂದ ತೋರಿಸುತ್ತಾರೆ. ಹೊಲಿಯುತ್ತ, ಕತ್ತರಿಸುತ್ತ ನಿಂತ ವೈದ್ಯರು, ಮುಗಿಯದ ಸಾಲು. ಗೆದ್ದವರು ಯಾರು ಎಂಬುದು ಆ ಡೇರೆಯಲ್ಲಿ ಯಾರಿಗೂ ಬೇಕಾಗಿಲ್ಲ.

2013ರಲ್ಲಿ ಬಂದ 'ಸೀಸನ್ ಆಫ್ ಸ್ಟಾರ್ಮ್ಸ್', 2024ರಲ್ಲಿ ಪೋಲಿಷ್‌ನಲ್ಲಿ ಬಂದ 'ಕ್ರಾಸ್‌ರೋಡ್ಸ್ ಆಫ್ ರೇವನ್ಸ್' ಎರಡೂ ಹಿಂದಿನ ಕಾಲದ ಕಥೆಗಳು. ಎರಡನೆಯದರಲ್ಲಿ ಗೆರಾಲ್ಟ್ ಇನ್ನೂ ಹದಿನೆಂಟರ ಹುಡುಗ. ಕಾಲದ ಲೆಕ್ಕ ಹಿಡಿದು ಅದನ್ನೇ ಮೊದಲು ಓದಲು ಹೋಗಬೇಡಿ, ಎಲ್ಲ ಮುಗಿದ ಮೇಲೆ ಇಟ್ಟುಕೊಳ್ಳಿ. ಇದೇ ಕಥೆ ಹಿಡಿದು ಮಾಡಿದ ವಿಡಿಯೋ ಗೇಮ್‌ಗಳನ್ನು ಇನ್ನೂ ಆಡಿಲ್ಲ ಎಂದಾದರೆ ಪುಸ್ತಕ ಮುಗಿಯುವವರೆಗೆ ತಡೆಯಿರಿ. ಅವುಗಳ ಕಥೆ ಕೊನೆಯ ಕಾದಂಬರಿಯ ನಂತರ ನಡೆಯುತ್ತದೆ, ಯಾರು ಉಳಿದರು ಎಂಬುದು ಮೊದಲೇ ಗೊತ್ತಾಗಿಬಿಡುತ್ತದೆ.

ಈ ವಾರಕ್ಕೆ 'ದಿ ಲಾಸ್ಟ್ ವಿಶ್'ನ ಆ ಮೊದಲ ಕಥೆಯೊಂದೇ ಸಾಕು. ರಾತ್ರಿ ಊಟ ಮುಗಿಸಿ ಕೂತುಕೊಳ್ಳಿ. ಮೂರನೇ ಸಲ ಕೋಳಿ ಕೂಗುವವರೆಗೆ ಪುಸ್ತಕ ಮುಚ್ಚಬೇಡಿ.